ಆಂಡೀಸ್‌ಗೆ ಸ್ಕೀಯಿಂಗ್: ಗೆಳೆಯರ ಗುಂಪು ಹೊರಡುವ ಮುನ್ನ

ಗೆಳೆಯರೆಲ್ಲ ಸೇರಿ ಚಿಲಿಗೋ ಅರ್ಜೆಂಟೀನಾಕ್ಕೋ ಸ್ಕೀಯಿಂಗ್‌ಗೆ ಹೋಗೋಣವೆಂದು ಮಾತು ಶುರುವಾದ ಕೂಡಲೇ ಕೆಲವು ಊಹೆಗಳು ತಾವಾಗಿಯೇ ಯೋಜನೆಯೊಳಗೆ ಸೇರಿಕೊಳ್ಳುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಅವನ್ನು ತೆಗೆದುಹಾಕಬೇಕು.

ತಪ್ಪು ಕಲ್ಪನೆ: ಹಿಮವೆಂದರೆ ಡಿಸೆಂಬರ್, ಜನವರಿ.

ವಾಸ್ತವ: ಅಲ್ಲಿ ಋತುಗಳು ತಿರುವುಮುರುವು. ನಮ್ಮಲ್ಲಿ ಮಳೆ ಸುರಿಯುವ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿ ಸ್ಕೀಯಿಂಗ್ ಕಾಲ. ಜುಲೈನಲ್ಲಿ ಶಾಲೆಗಳಿಗೆ ಚಳಿಗಾಲದ ರಜೆ ಇರುವುದರಿಂದ ಜನವೂ ಹೆಚ್ಚು, ಬೆಲೆಯೂ ಹೆಚ್ಚು. ಆಗಸ್ಟ್‌ನ ಎರಡನೇ ಭಾಗ ವಾಸಿ.

ತಪ್ಪು ಕಲ್ಪನೆ: ಒಂದೇ ವಾರದಲ್ಲಿ ನಾಲ್ಕೈದು ಬೆಟ್ಟ ನೋಡಿಬಿಡಬಹುದು.

ವಾಸ್ತವ: ಇದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಚಿಲಿಯ ರಾಜಧಾನಿ ಸಾಂತಿಯಾಗೊದಿಂದ ಅರ್ಜೆಂಟೀನಾದ ಬರಿಲೋಚೆಗೆ ರಸ್ತೆಯಲ್ಲಿ ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಅರ್ಜೆಂಟೀನಾದ ಇನ್ನೊಂದು ಸ್ಕೀ ತಾಣ ಲಾಸ್ ಲೆನ್ಯಾಸ್ ಇರುವುದು ಅಲ್ಲಿನ ಮೆಂಡೋಸಾ ನಗರದಿಂದ ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕೆ. ಸಾಂತಿಯಾಗೊ ಮತ್ತು ಮೆಂಡೋಸಾಗಳ ನಡುವಿನ ಲಾಸ್ ಲಿಬರ್ತಾದೋರೆಸ್ ಕಣಿವೆದಾರಿ 3,000 ಮೀಟರ್‌ಗಿಂತ ಎತ್ತರದಲ್ಲಿದೆ. ಬಿರುಗಾಳಿ ಬಂದರೆ ದಿನಗಟ್ಟಲೆ ಮುಚ್ಚುತ್ತದೆ. ಶಿರಾಡಿ ಘಾಟಿ ಬಂದ್ ಆದರೆ ಮಂಗಳೂರಿಗೆ ಹೊರಟವರು ಚಾರ್ಮಾಡಿ ಹಿಡಿಯಬಹುದು. ಆದರೆ ಆಂಡೀಸ್‌ನ ಈ ಕಣಿವೆದಾರಿಗೆ ಚಳಿಗಾಲದಲ್ಲಿ ನೆಚ್ಚಬಹುದಾದ ಬದಲಿ ದಾರಿ ಹತ್ತಿರದಲ್ಲಿಲ್ಲ. ಇದೇ ದಾರಿಯಲ್ಲಿ, ಇಂಕಾ ಸರೋವರದ ದಂಡೆಯಲ್ಲಿ ಪೋರ್ಟಿಯೊ ಎಂಬ ಸ್ಕೀ ತಾಣವಿದೆ. 1966ರ ವಿಶ್ವ ಆಲ್ಪೈನ್ ಸ್ಕೀಯಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿ. ಅಲ್ಲಿನ ಹಳದಿ ಹೋಟೆಲಿನಲ್ಲಿ ಬುಕಿಂಗ್ ಹೆಚ್ಚಾಗಿ ವಾರದ ಲೆಕ್ಕದಲ್ಲೇ ನಡೆಯುತ್ತದೆ. ಆ ಕ್ರಮದಲ್ಲಿ ವಿವೇಕವಿದೆ: ಒಂದು ಊರು ಆರಿಸಿಕೊಳ್ಳಿ, ಅಲ್ಲೇ ಉಳಿಯಿರಿ, ವಾಪಸು ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಬಿಡಿ.

ತಪ್ಪು ಕಲ್ಪನೆ: ಸಾಂತಿಯಾಗೊ ಪಕ್ಕದ ಬೆಟ್ಟಗಳಿಗೆ ಯಾವಾಗ ಬೇಕಾದರೂ ಕಾರು ಹತ್ತಿಸಬಹುದು.

ವಾಸ್ತವ: ಆ ಬೆಟ್ಟಗಳ ಮೇಲಿನ ಫರೆಯೋನೆಸ್‌ಗೆ ಏರುವ ರಸ್ತೆ ಹೇರ್‌ಪಿನ್ ತಿರುವುಗಳ ಸಾಲು. ವಾರಾಂತ್ಯದಲ್ಲಿ ಬೆಳಿಗ್ಗೆ ಹತ್ತುವವರಿಗೆ ಮಾತ್ರ, ಮಧ್ಯಾಹ್ನದ ಮೇಲೆ ಇಳಿಯುವವರಿಗೆ ಮಾತ್ರ ಬಿಡುವ ವ್ಯವಸ್ಥೆ ಇದೆ. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಬೇಕೇ ಬೇಕು. ಅದನ್ನು ಕಟ್ಟಿ ಅಭ್ಯಾಸವಿಲ್ಲದವರು ವ್ಯಾನ್ ಹಿಡಿಯಲಿ.

ತಪ್ಪು ಕಲ್ಪನೆ: ಜಿಮ್‌ಗೆ ಹೋಗುವವರಿಗೆ ಎತ್ತರ ಬಾಧಿಸದು.

ವಾಸ್ತವ: ದೇಹದಾರ್ಢ್ಯಕ್ಕೂ ಎತ್ತರದ ಕಾಯಿಲೆಗೂ ನಂಟಿಲ್ಲ. 600 ಮೀಟರ್‌ಗೂ ಕೆಳಗಿರುವ ಸಾಂತಿಯಾಗೊದಿಂದ ಒಂದೆರಡು ಗಂಟೆಯಲ್ಲೇ ಸುಮಾರು 3,000 ಮೀಟರ್ ಎತ್ತರದ ವಾಯೆ ನೆವಾಡೊ ಸ್ಕೀ ತಾಣ ತಲುಪುತ್ತೀರಿ. ಮೊದಲ ರಾತ್ರಿ ತಲೆನೋವು ಬರಬಹುದು, ನಿದ್ದೆ ಹತ್ತದಿರಬಹುದು. ಮೊದಲ ದಿನ ನಿಧಾನವಾಗಿರಿ, ಮದ್ಯ ಬೇಡ. ತಲೆನೋವು, ವಾಕರಿಕೆ ಹೆಚ್ಚುತ್ತ ಹೋದರೆ ಕೆಳಗಿಳಿಯುವುದೊಂದೇ ದಾರಿ. ಹಾಗೆ ಇಳಿಯುವ ಗೆಳೆಯನ ಜೊತೆ ಇನ್ನೊಬ್ಬರು ಹೋಗಲೇಬೇಕು.

ತಪ್ಪು ಕಲ್ಪನೆ: ಅಷ್ಟು ಎತ್ತರವೆಂದರೆ ಹಿಮ ಖಾತ್ರಿ.

ವಾಸ್ತವ: ಮಧ್ಯ ಚಿಲಿಯಲ್ಲಿ 2010ರಿಂದೀಚೆಗೆ ದೀರ್ಘ ಬರಗಾಲ ಕಾಡಿದೆ. ವರ್ಷದ ಹಿಮದಲ್ಲಿ ಬಹುಪಾಲನ್ನು ಕೆಲವೇ ದೊಡ್ಡ ಬಿರುಗಾಳಿಗಳು ತರುತ್ತವೆ. ಎಲ್ ನಿನೊ ವರ್ಷಗಳಲ್ಲಿ ಹಿಮ ಸಾಮಾನ್ಯವಾಗಿ ಹೆಚ್ಚು. ಜೋರು ಗಾಳಿ ಬೀಸಿದರೆ ಲಿಫ್ಟ್‌ಗಳೇ ನಿಲ್ಲುತ್ತವೆ. ಆದ್ದರಿಂದ ಹಣ ಹಿಂತಿರುಗುವ ಷರತ್ತು ನೋಡದೆ ಪೂರ್ತಿ ಪಾವತಿಸಬೇಡಿ.

ತಪ್ಪು ಕಲ್ಪನೆ: ಸ್ಕೀಯಿಂಗ್ ಬರುವವರು ಜಾಗ ಆರಿಸಿದರೆ ಸಾಕು.

ವಾಸ್ತವ: ಮೊದಲು ಕೇಳಬೇಕಾದದ್ದು ಹೊಸಬರನ್ನು. ಸಾಂತಿಯಾಗೊ ಸುತ್ತಲಿನ ಬೆಟ್ಟಗಳಲ್ಲಿ ಮರಗಳಿಲ್ಲ. ಮೋಡ ಕವಿದರೆ ನೆಲ ಯಾವುದು, ಆಕಾಶ ಯಾವುದು ತಿಳಿಯದೆ ಕಲಿಯುವವರು ಹೆದರುತ್ತಾರೆ. ಬರಿಲೋಚೆಯ ಸೆರೊ ಕತೆದ್ರಾಲ್‌ನ ಬುಡ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಕೆಳ ಇಳಿಜಾರುಗಳಲ್ಲಿ ಲೆಂಗಾ ಮರಗಳ ಕಾಡಿದೆ, ಸ್ಕೀ ಮಾಡದವರಿಗೆ ಸರೋವರವಿದೆ, ಊರಿದೆ. ಹೊಸಬರು, ಬಲ್ಲವರು ಬೆರೆತ ಗುಂಪಾದರೆ ನನ್ನ ಮತ ಬರಿಲೋಚೆಗೇ.

ತಪ್ಪು ಕಲ್ಪನೆ: ಪ್ರಯಾಣ ವಿಮೆ ಇದೆಯಲ್ಲ!

ವಾಸ್ತವ: ಅನೇಕ ಪಾಲಿಸಿಗಳು ಸ್ಕೀಯಿಂಗನ್ನು ಹೊರಗಿಡುತ್ತವೆ. ಗುರುತು ಹಾಕಿದ ದಾರಿ ಬಿಟ್ಟು ಹೋದರೆ ಪರಿಹಾರ ಕೊಡದವೂ ಇವೆ. ಗುಂಪಿನ ಪ್ರತಿಯೊಬ್ಬರೂ ತಮ್ಮ ಪಾಲಿಸಿಯ ಆ ಭಾಗವನ್ನು ಓದಿ, ಬೆಟ್ಟದ ಮೇಲಿನ ರಕ್ಷಣಾ ವೆಚ್ಚ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕಟ್ಟಲಿ.