ನಕ್ಷತ್ರ ಮಿನುಗಿದರೆ ದೂರದರ್ಶಕಕ್ಕೆ ತೊಂದರೆ

ಬನಹಟ್ಟಿಯ ಮಾಳಿಗೆ ಮೇಲೆ ನಿಂತವರಿಗೆ ಮಿನುಗುವ ನಕ್ಷತ್ರ ಬಲು ಚೆಂದ. ಖಗೋಳ ವಿಜ್ಞಾನಿಗಳಿಗೆ ಅದೇ ದೊಡ್ಡ ತಲೆನೋವು.

ನಕ್ಷತ್ರ ಹೀಗೆ ಮಿನುಗುವುದು ನಮ್ಮ ಗಾಳಿಯಿಂದ. ಹಗಲಿಡೀ ಕಾದ ನೆಲ, ಕಲ್ಲು, ಛಾವಣಿ ರಾತ್ರಿ ಶಾಖ ಬಿಡುತ್ತವೆ. ಬಿಸಿ ಗಾಳಿ, ತಣ್ಣನೆ ಗಾಳಿ ಸುಳಿಸುಳಿಯಾಗಿ ಬೆರೆಯುತ್ತವೆ. ಒಂದೊಂದು ಸುಳಿಯೂ ಬೆಳಕನ್ನು ಒಂದೊಂದು ಪರಿ ಬಾಗಿಸುತ್ತದೆ. ಸುಮಾರು 10 ಕಿ.ಮೀ. ಎತ್ತರದ ಬಿರುಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಹೀಗೆ ಬಾಗಿದ ಬೆಳಕಿನಿಂದ ದೂರದರ್ಶಕದಲ್ಲಿ ನಕ್ಷತ್ರದ ಬಿಂಬ ಹರಡುತ್ತದೆ. ಅದರ ಅಗಲವನ್ನು ಅಳೆಯುವುದು ಆರ್ಕ್‌ಸೆಕೆಂಡಿನಲ್ಲಿ. ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ. 5 ಕಿ.ಮೀ. ದೂರದಲ್ಲಿಟ್ಟ ಎರಡು ರೂಪಾಯಿ ನಾಣ್ಯ ಕಾಣುವಷ್ಟೇ ಅಗಲ! 2 ಮೀಟರ್ ಕನ್ನಡಿಯ ದೂರದರ್ಶಕ ಇದರ ಹದಿನೈದರಲ್ಲೊಂದು ಪಾಲಿನಷ್ಟು ಸೂಕ್ಷ್ಮ ವಿವರವನ್ನೂ ತೋರಿಸಬಲ್ಲದು. ಗಾಳಿ ಬಿಡಬೇಕಲ್ಲ.

ಅದಕ್ಕೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖ್‌ನ ಹಾನ್ಲೆಗೆ ಹೋಯಿತು. ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರ. ಗಾಳಿ ತೆಳು, ನೀರಾವಿ ಕಡಿಮೆ. ಅಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಒಳ್ಳೆಯ ರಾತ್ರಿ ನಕ್ಷತ್ರದ ಬಿಂಬ ಒಂದು ಆರ್ಕ್‌ಸೆಕೆಂಡಿಗಿಂತ ಚಿಕ್ಕದಾಗಿ ಮೂಡುತ್ತದೆ.

ಬೆಟ್ಟ ಹತ್ತಿದರಷ್ಟೇ ಸಾಲದು. ದೂರದರ್ಶಕದ ಗುಮ್ಮಟದೊಳಗೆ ಬಿಸಿ ಉಳಿದರೂ ಬಿಂಬ ಕದಡುತ್ತದೆ. ಒಳಗಿನ ಗಾಳಿ, ಕನ್ನಡಿ ಎರಡೂ ಹೊರಗಿನಷ್ಟೇ ತಣ್ಣಗಾಗಬೇಕು.

ಇಷ್ಟೆಲ್ಲ ಮಾಡಿದ ಮೇಲೆ, ಆ ಚಳಿಬೆಟ್ಟದ ದೂರದರ್ಶಕವನ್ನು ವೀಕ್ಷಕರು ನಡೆಸುವುದು ಎಲ್ಲಿಂದ ಗೊತ್ತೇ? ನಮ್ಮ ಕರ್ನಾಟಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.