ಕೀಟನಿವಾರಣೆಗೆ ತೆರಬೇಕಾದ ಬೆಲೆ

ಡೊಂಬಿವಲಿ ಪೂರ್ವದಲ್ಲಿ ನೆಲೆಸಿರುವ ಓದುಗರೊಬ್ಬರು, ತಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಜಿರಲೆಗಳ ಉಪದ್ರವ ಮಿತಿಮೀರಿದುದರಿಂದ ಪೆಸ್ಟ್ ಕಂಟ್ರೋಲ್‌ನವರಲ್ಲಿ ಮೂವರನ್ನು ವಿಚಾರಿಸಿದಾಗ, ಒಬ್ಬರು 900 ರೂಪಾಯಿಯೆಂದೂ ಇನ್ನೊಬ್ಬರು 1,800 ಎಂದೂ ಮೂರನೆಯವರು 3,000ಕ್ಕೂ ಮೇಲೆಂದೂ ಹೇಳಿದರೆಂದು ತಿಳಿಸಿ, ಒಂದೇ ಅಡುಗೆಮನೆಗೆ ಒಂದೇ ಬಗೆಯ ಔಷಧವನ್ನು ಹಚ್ಚುವ ಕಾರ್ಯಕ್ಕೆ ಇಷ್ಟೊಂದು ತಾರತಮ್ಯವೇಕೆಂದು ಕೇಳಿದ್ದಾರೆ. ಪ್ರಶ್ನೆ ಹಣಕ್ಕೆ ಸಂಬಂಧಪಟ್ಟುದಾಗಿ ತೋರಿದರೂ ಅದರ ಉತ್ತರವಿರುವುದು ಕೀಟದ ಶರೀರದಲ್ಲಿ, ಅದರಲ್ಲಿಯೂ ಮುಖ್ಯವಾಗಿ ಅದರ ಮೊಟ್ಟೆಯಲ್ಲಿ.

ಮೊದಲು ಅಂಕಿಗಳನ್ನು ಹೇಳಿಬಿಡುವುದು ಮೇಲು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಈಚಿನ ವರ್ಷಗಳಲ್ಲಿ ಎರಡು ಬೆಡ್‌ರೂಮಿನ ಮನೆಗೆ ಒಮ್ಮೆ ಬಂದು ಜಿರಲೆಗೆ ಜೆಲ್ ಹಚ್ಚಿ ಹೋಗಲು ಸುಮಾರು 900ರಿಂದ 1,500 ರೂಪಾಯಿ, ವರ್ಷದಲ್ಲಿ ಮೂರು ನಾಲ್ಕು ಬಾರಿ ಬರುವ ವಾರ್ಷಿಕ ಕರಾರಿಗೆ ಸುಮಾರು 2,000ದಿಂದ 3,500, ತಿಗಣೆಗೆ ಎರಡು ಭೇಟಿಗಳು ಸೇರಿ 2,000ದಿಂದ 4,000, ಗೆದ್ದಲಿಗೆ ಗೋಡೆಯ ಬುಡದಲ್ಲಿ ರಂಧ್ರ ಕೊರೆದು ಮಾಡುವ ಚಿಕಿತ್ಸೆಗೆ 4,000ದಿಂದ 8,000, ಹೀಗೆ ದರಗಳು ನಡೆಯುತ್ತಿವೆ. ದೇಶವ್ಯಾಪಿಯಾದ ದೊಡ್ಡ ಸಂಸ್ಥೆಗಳು ಇದಕ್ಕಿಂತ ಹೆಚ್ಚು ಹೇಳುವುದುಂಟು. ನೋಂದಾಯಿತ ಸಂಸ್ಥೆಗಳ ಬಿಲ್ಲಿಗೆ ಶೇಕಡ 18ರ ಜಿಎಸ್‌ಟಿ ಸೇರುತ್ತದೆ. ಘೋಡ್‌ಬಂದರ್ ರೋಡಿನ ಅಥವಾ ಖಾರ್‌ಘರಿನ ಹೊಸ ಸಮುಚ್ಚಯಗಳಲ್ಲಿ ಹೇಳುವ ದರ ಕಲ್ಯಾಣದ ಹಳೆಯ ಪೇಟೆಯಲ್ಲಿ ಹೇಳುವ ದರಕ್ಕಿಂತ ಸ್ವಲ್ಪ ಮೇಲಿರುತ್ತದೆ. ಈ ಮೊತ್ತದಲ್ಲಿ ಔಷಧದ ಪಾಲು ಅತ್ಯಲ್ಪವೆಂಬುದನ್ನು ಗೃಹಸ್ಥರು ಗಮನಿಸಬೇಕು. ಒಂದು ಮನೆಗೆ ಬೇಕಾಗುವ ಜೆಲ್ ಕೆಲವೇ ಗ್ರಾಂ. ನಾವು ಹಣ ತೆರುವುದು ಬಂದವನ ಕಾಲಕ್ಕೆ, ಕಣ್ಣಿಗೆ, ಮತ್ತು ಅವನು ಮರಳಿ ಬರುವ ಭರವಸೆಗೆ.

ಮರಳಿ ಬರುವುದು ಏಕೆ ಅನಿವಾರ್ಯವೆಂಬುದನ್ನು ತಿಳಿಯಲು ನಮ್ಮ ಅಡುಗೆಮನೆಗಳ ಸಣ್ಣ ಕಂದು ಜಿರಲೆಯನ್ನೇ ನೋಡೋಣ. ವಿಜ್ಞಾನಿಗಳು ಇದನ್ನು ಬ್ಲಾಟೆಲ್ಲಾ ಜರ್ಮಾನಿಕಾ ಎನ್ನುತ್ತಾರೆ. ಲಿನೇಯಸ್ 1767ರಲ್ಲಿ ಇದಕ್ಕೆ ಜರ್ಮನಿಯ ಹೆಸರನ್ನಿಟ್ಟನಾದರೂ, 2024ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದು ಈ ಪ್ರಾಣಿ ಸುಮಾರು 2,100 ವರ್ಷಗಳ ಹಿಂದೆ ಭಾರತದಲ್ಲಿ ಅಥವಾ ಮ್ಯಾನ್ಮಾರ್‌ನಲ್ಲಿ, ಹೊಲಗಳಲ್ಲಿ ವಾಸಿಸುತ್ತಿದ್ದ ಏಷ್ಯಾದ ಜಿರಲೆಯಿಂದ ಕವಲೊಡೆದು ಮನುಷ್ಯನ ಮನೆಯನ್ನು ಸೇರಿತೆಂದೂ, ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮದತ್ತ ಪಯಣಿಸಿ, ಮುಂದೆ ಯುರೋಪನ್ನು ಹೊಕ್ಕಿತೆಂದೂ ತೋರಿಸಿಕೊಟ್ಟಿದೆ. ಅದು ಮನೆಯೊಳಗೆ ಕಾಲಿಟ್ಟಿತೆನ್ನಲಾದ ಆ ಶತಮಾನಗಳ ಹೊತ್ತಿಗೆ ಕಲ್ಯಾಣವು ಗ್ರೀಕ್ ನಾವಿಕರ ಪೆರಿಪ್ಲಸ್ ಗ್ರಂಥದಲ್ಲಿ ಕಲ್ಲಿಯೇನವೆಂದು ಉಲ್ಲೇಖವಾದ ಬಂದರಾಗಿತ್ತು. ಧಾನ್ಯದ ಮೂಟೆಗಳ ನಡುವೆ ಅಡಗಿ ಸಮುದ್ರವನ್ನು ದಾಟಬಲ್ಲ ಪ್ರಾಣಿಗೆ ಇಂಥ ಬಂದರುಗಳಿಗಿಂತ ಮಿಗಿಲಾದ ಅನುಕೂಲ ಬೇರೆಯಿರಲಾರದು.

ಈ ಜಿರಲೆಯ ಹೆಣ್ಣು ತನ್ನ ಮೂವತ್ತು ನಲವತ್ತು ಮೊಟ್ಟೆಗಳನ್ನು ಗಟ್ಟಿಯಾದ ಕೋಶವೊಂದರಲ್ಲಿಟ್ಟು, ಸುಮಾರು ಮೂರು ವಾರಗಳ ಕಾಲ, ಮರಿಗಳು ಹೊರಬರುವ ಕ್ಷಣ ಸಮೀಪಿಸುವವರೆಗೂ, ಆ ಕೋಶವನ್ನು ತನ್ನ ದೇಹದ ತುದಿಯಲ್ಲಿಯೇ ಹೊತ್ತು ತಿರುಗುತ್ತದೆ. ಈ ಅವಧಿಯಲ್ಲಿ ಅದು ಬಿರುಕುಗಳಲ್ಲಿ ಅಡಗಿರುತ್ತದೆ, ತಿನ್ನುವುದು ತೀರ ಕಡಮೆ. ಆದುದರಿಂದ ಆಮಿಷವಾಗಿ ಇಟ್ಟ ವಿಷ ಅದಕ್ಕೆ ತಗಲುವ ಸಂಭವವೂ ಕಡಮೆ. ಸಿಂಪಡಿಸಿದ ಔಷಧವಂತೂ ಕೋಶದ ಹೊದಿಕೆಯನ್ನು ಭೇದಿಸಿ ಒಳಗಿನ ಭ್ರೂಣಗಳನ್ನು ಮುಟ್ಟಲಾರದು. ಹೀಗಿರುವಲ್ಲಿ, ಒಂದು ದಿನದ ಚಿಕಿತ್ಸೆಯಿಂದ ಓಡಾಡುವ ಜಿರಲೆಗಳೆಲ್ಲ ಸತ್ತುಬಿದ್ದರೂ ಅದು ಬಡ್ಡಿಯನ್ನು ತೀರಿಸಿ ಅಸಲನ್ನು ಹಾಗೆಯೇ ಉಳಿಸಿಕೊಂಡಂತೆ: ಕೆಲವು ವಾರ ಮನೆ ನಿಶ್ಶಬ್ದವಾಗಿರುತ್ತದೆ, ಆಮೇಲೆ ಕೋಶಗಳು ಒಡೆಯುತ್ತವೆ, ಮರಿಗಳು ಎರಡು ತಿಂಗಳ ಆಸುಪಾಸಿನಲ್ಲಿ ಪ್ರೌಢವಾಗುತ್ತವೆ, ಸಾಲ ಮೊದಲಿನ ಮೊತ್ತಕ್ಕೇ ಬಂದು ನಿಲ್ಲುತ್ತದೆ, ತೆತ್ತ 900 ರೂಪಾಯಿಯನ್ನು ಮತ್ತೆ ಮತ್ತೆ ತೆರುತ್ತ ಹೋಗಬೇಕಾಗುತ್ತದೆ. ಮೂರು ನಾಲ್ಕು ವಾರಗಳ ತರುವಾಯ ಎರಡನೆಯ ಭೇಟಿಯನ್ನು ಒಳಗೊಂಡ 1,800 ರೂಪಾಯಿ ಅಸಲನ್ನೂ ಸಲ್ಲಿಸುವ ಏರ್ಪಾಡು. ಪತ್ರ ಬರೆದ ಓದುಗರಿಗೆ ನನ್ನ ಸ್ಪಷ್ಟವಾದ ಉತ್ತರವಿದು: ಕೋಣೆಗಳ ಲೆಕ್ಕದಲ್ಲಿ ದರವನ್ನು ಹೋಲಿಸಬೇಡಿರಿ, ಭೇಟಿಗಳ ಲೆಕ್ಕದಲ್ಲಿ ಹೋಲಿಸಿರಿ.

ಜೆಲ್ಲಿನ ಚಮತ್ಕಾರ ಅದರ ವಿಳಂಬದಲ್ಲಿದೆ. ತಿಂದ ಜಿರಲೆ ಅಲ್ಲಿಯೇ ಸಾಯದೆ ತನ್ನ ಗೂಡಿಗೆ ಮರಳುತ್ತದೆ. ಅದರ ಮಲವನ್ನೂ ಅದರ ಶವವನ್ನೂ ಉಳಿದವು, ವಿಶೇಷವಾಗಿ ಹೊರಗೆ ಬಾರದ ಎಳೆಯ ಮರಿಗಳು, ತಿಂದು ತಾವೂ ಸಾಯುತ್ತವೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಜೆಲ್ಲುಗಳಲ್ಲಿ ಹೆಚ್ಚಾಗಿ ಫಿಪ್ರೋನಿಲ್ ಶೇಕಡ 0.05ರಷ್ಟು ಅಥವಾ ಇಮಿಡಾಕ್ಲೋಪ್ರಿಡ್ ಶೇಕಡ 2.15ರಷ್ಟು ಇರುತ್ತದೆ. ಇಮಿಡಾಕ್ಲೋಪ್ರಿಡ್ ಕೀಟದ ನರಮಂಡಲದಲ್ಲಿ ಹಿಡಿಯುವ ಸ್ಥಾನವೂ ನಿಪ್ಪಾಣಿಯ ತಂಬಾಕಿನ ನಿಕೋಟಿನ್ ಹಿಡಿಯುವ ಸ್ಥಾನವೂ ಒಂದೇ. ಈ ಜೆಲ್ಲನ್ನೇ ‘ಹರ್ಬಲ್’ ಎಂದು ಹೇಳಿ ಮಾರುವ ರೂಢಿ ನಮ್ಮ ಉಪನಗರಗಳಲ್ಲಿ ವಿಪರೀತವಾಗಿ ಹಬ್ಬಿದೆ. ವಾಸನೆಯಿಲ್ಲದಿರುವುದು ಗಿಡಮೂಲಿಕೆಯ ಲಕ್ಷಣವಲ್ಲ. ಸಿರಿಂಜಿನ ಮೇಲಿನ ಚೀಟಿಯನ್ನು ಕೇಳಿ ಓದಿದರೆ ಸಾಮಾನ್ಯವಾಗಿ ಮೇಲೆ ಹೇಳಿದ ಎರಡು ಹೆಸರುಗಳಲ್ಲಿ ಒಂದು ಕಾಣುತ್ತದೆ. ಸರಿಯಾಗಿ, ಸ್ವಲ್ಪವಾಗಿ, ಮಕ್ಕಳ ಕೈಗೆ ನಿಲುಕದ ಸಂದುಗಳಲ್ಲಿ ಹಚ್ಚಿದರೆ ಅದರಿಂದ ಭಯಪಡಬೇಕಾದುದಿಲ್ಲ. ಆದರೆ ಹರ್ಬಲ್ಲೆಂಬ ಶಬ್ದಕ್ಕಾಗಿ ಐನೂರು ರೂಪಾಯಿ ಹೆಚ್ಚು ಕೊಡುವುದು ಶುದ್ಧ ನಷ್ಟ, ಆ ಶಬ್ದವನ್ನು ನಂಬಿ ಮಗುವಿನ ಮುಂದೆ ಅದನ್ನು ತೆರೆದಿಡುವುದು ಅಪಾಯ.

ಜೆಲ್ ಕೂಡ ಎಲ್ಲ ಕಾಲಕ್ಕೂ ನಡೆಯುವ ನಾಣ್ಯವಲ್ಲವೆಂಬುದನ್ನು ಕಂಡುಹಿಡಿದ ಕಥೆ ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದ ಸಿಹಿಪಾಕದಲ್ಲಿ ವಿಷವನ್ನು ಬೆರೆಸಿದ ಆಮಿಷಗಳು ಬಳಕೆಗೆ ಬಂದು ಅದ್ಭುತವಾದ ಯಶಸ್ಸನ್ನು ಪಡೆದವು. ಕೆಲವು ವರ್ಷಗಳ ತರುವಾಯ ಫ್ಲಾರಿಡಾದ ಮನೆಗಳಲ್ಲಿ ಅವು ಕೆಲಸ ಮಾಡುತ್ತಿಲ್ಲವೆಂಬ ವರದಿ ಬಂದಾಗ, ಕ್ಲೋರಾಕ್ಸ್ ಕಂಪನಿಯಲ್ಲಿ ಕೀಟವಿಜ್ಞಾನಿಯಾಗಿದ್ದ ಜೂಲ್ಸ್ ಸಿಲ್ವರ್‌ಮನ್ ಅಲ್ಲಿಯ ಜಿರಲೆಗಳನ್ನು ತರಿಸಿ ಪರೀಕ್ಷಿಸಿದರು. ವಿಷಕ್ಕೆ ಅವು ಪ್ರತಿರೋಧವನ್ನು ಬೆಳೆಸಿಕೊಂಡಿರಬೇಕೆಂಬ ಸಹಜವಾದ ಊಹೆಗೆ ತೃಪ್ತರಾಗದೆ, ಆಮಿಷದ ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ಅವುಗಳ ಮುಂದಿಟ್ಟು ನೋಡಿದಾಗ, ಅವು ದೂರವಿಡುತ್ತಿದ್ದುದು ವಿಷವನ್ನಲ್ಲ, ಗ್ಲೂಕೋಸನ್ನು ಎಂಬುದು ಗೊತ್ತಾಯಿತು. ಫ್ರಕ್ಟೋಸನ್ನು ಅವು ಎಂದಿನಂತೆ ತಿನ್ನುತ್ತಿದ್ದವು. ಈ ಅರುಚಿ ಮರಿಗಳಿಗೂ ವಂಶಪಾರಂಪರ್ಯವಾಗಿ ಇಳಿಯುತ್ತಿತ್ತು. 1993ರಲ್ಲಿ ಇದು ಪ್ರಕಟವಾಯಿತು. ಕಾರಣ ತಿಳಿಯಲು ಇನ್ನೂ ಇಪ್ಪತ್ತು ವರ್ಷಗಳು ಹಿಡಿದವು. 2013ರಲ್ಲಿ ಉತ್ತರ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಯಾಕೊ ವಾಡಾ-ಕತ್ಸುಮಾತಾ, ಸಿಲ್ವರ್‌ಮನ್, ಕೋಬಿ ಶಾಲ್ ಇವರು ಜಿರಲೆಯ ಬಾಯಿಯ ಸೂಕ್ಷ್ಮ ರೋಮಗಳಲ್ಲಿರುವ ನರಕೋಶಗಳ ವಿದ್ಯುತ್ ಸ್ಪಂದನವನ್ನು ಅಳೆದು, ಈ ಜಿರಲೆಗಳಲ್ಲಿ ಕಹಿಯನ್ನು ಅರಿಯುವ ನರಕೋಶವೇ ಗ್ಲೂಕೋಸಿಗೂ ಸ್ಪಂದಿಸುತ್ತದೆಂದು ತೋರಿಸಿದರು. ಸಿಹಿ ಅವುಗಳ ನಾಲಗೆಗೆ ಕಹಿಯಾಗಿತ್ತು. ಸಿಹಿಯನ್ನು ತಿಂದವುಗಳೆಲ್ಲ ಸತ್ತು, ಆಕಸ್ಮಿಕವಾಗಿ ಈ ವಿಕಾರವನ್ನು ಹೊತ್ತು ಹುಟ್ಟಿದ್ದ ಕೆಲವು ಮಾತ್ರ ಉಳಿದು ಸಂತಾನವನ್ನು ಬೆಳೆಸಿದುದರಿಂದ, ಹಲಕೆಲವು ವರ್ಷಗಳಲ್ಲಿಯೇ ಡಾರ್ವಿನ್ ವರ್ಣಿಸಿದ ಪ್ರಕೃತಿಯ ಆಯ್ಕೆ ಅಡುಗೆಮನೆಯೊಂದರಲ್ಲಿ ನೆರವೇರಿತ್ತು.

ಆದುದರಿಂದಲೇ ನುರಿತ ಕೆಲಸಗಾರ ಎರಡನೆಯ ಭೇಟಿಯಲ್ಲಿ ಮೊದಲು ಮಾಡುವ ಕೆಲಸವೆಂದರೆ, ಟಾರ್ಚ್ ಹಿಡಿದು ಮಂಡಿಯೂರಿ, ಕಿಚನ್ ಟ್ರಾಲಿಯ ಕೀಲುಗಳ ಒಳಗೆ, ಸಿಂಕಿನ ಕೆಳಗೆ, ಗ್ಯಾಸಿನ ಕೊಳವೆ ಗೋಡೆಯನ್ನು ತೂರಿ ಬರುವ ರಂಧ್ರದ ಅಂಚಿನಲ್ಲಿ, ಫ್ರಿಜ್ಜಿನ ಹಿಂದೆ ಕಂಪ್ರೆಸರಿನ ಬಿಸುಪು ತಗಲುವ ಮೂಲೆಯಲ್ಲಿ ತಾನು ಹಿಂದೆ ಇಟ್ಟಿದ್ದ ಬಿಂದುಗಳು ಕರಗಿವೆಯೇ ಒಣಗಿ ನಿಂತಿವೆಯೇ ಎಂದು ನೋಡುವುದು. ಹಿಕ್ಕೆಯ ಕಪ್ಪು ಚುಕ್ಕೆಗಳು ಹೊಸದಾಗಿದ್ದು ಬಿಂದು ಮುಟ್ಟದೆ ಉಳಿದಿದ್ದರೆ ಅವನು ಬೇರೆ ಜೆಲ್ಲನ್ನು ತರಬೇಕು. ಈ ನಡುವೆ ಮನೆಯವರು ಅಂಗಡಿಯ ಸ್ಪ್ರೇಯನ್ನು ಅದೇ ಜಾಗಕ್ಕೆ ಹೊಡೆದರೆ, ಅದರ ಘಾಟಿಗೆ ಜಿರಲೆಗಳು ಆಮಿಷದಿಂದ ದೂರ ಸರಿದು, ತೆತ್ತ ಹಣ ವ್ಯರ್ಥವಾಗುತ್ತದೆ. ಮಳೆಗಾಲದಲ್ಲಿ ಬಚ್ಚಲಿನ ನಹಣಿ ಟ್ರ್ಯಾಪಿನಿಂದ ಮೇಲೇರುವ ದೊಡ್ಡ ಕೆಂಪು ಜಿರಲೆ ಬೇರೆಯೇ ಜಾತಿಯದು, ಅದರ ವಾಸ ಚರಂಡಿಯಲ್ಲಿ. ಅದಕ್ಕೆ ಕೊಳವೆಗಳ ಬಾಯಿಗೆ ಸಿಂಪಡಿಸುವುದೂ ಜಾಲರಿ ಕೂರಿಸುವುದೂ ಬೇಕು.

ತಿಗಣೆಗೆ ದರ ಹೆಚ್ಚೇಕೆಂದು ಹಲವರು ಕೇಳುತ್ತಾರೆ. ಅದು ರಕ್ತದ ಹೊರತು ಬೇರೇನನ್ನೂ ಸೇವಿಸದುದರಿಂದ ಅದಕ್ಕೆ ಆಮಿಷವೆಂಬುದೇ ಇಲ್ಲ. ಮಂಚದ ಒಂದೊಂದು ಸಂದಿಗೂ ಹಾಸಿಗೆಯ ಒಂದೊಂದು ಹೊಲಿಗೆಗೂ ಔಷಧ ತಗಲಬೇಕು. ಮೊಟ್ಟೆಗಳು ಒಂದು ವಾರದಿಂದ ಹತ್ತು ದಿನಗಳಲ್ಲಿ ಒಡೆಯುವುದರಿಂದ ಹತ್ತರಿಂದ ಹದಿನೈದು ದಿನಗಳ ಅಂತರದಲ್ಲಿ ಎರಡನೆಯ ಬಾರಿ ಬಾರದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ.

ಗೆದ್ದಲಿನ ಮಾತು ಬೇರೆ. ಬಾಗಿಲಿನ ಚೌಕಟ್ಟಿನಲ್ಲಿ ಕಾಣುವುದು ಸೈನ್ಯದ ಒಂದು ತುಕಡಿ. ಗೂಡು ನೆಲದೊಳಗಿರುತ್ತದೆ, ಅಥವಾ ಸೋರುವ ಕೊಳವೆಯಿಂದ ಸದಾ ತೇವವಾಗಿರುವ ಗೋಡೆಯ ಒಡಲಿನಲ್ಲಿ. ಖಾಡಿಯ ತಗ್ಗು ಭೂಮಿಯನ್ನು ತುಂಬಿ ಕಟ್ಟಿದ ನವಿ ಮುಂಬಯಿಯ ಅನೇಕ ಭಾಗಗಳಲ್ಲಿ ಈ ತೇವಕ್ಕೆ ಕೊರತೆಯಿಲ್ಲ. ಕಟ್ಟಿದ ಮನೆಗಳಿಗೆ ಮಾಡಬೇಕಾದ ಚಿಕಿತ್ಸೆಯನ್ನು ಐಎಸ್ 6313 ಎಂಬ ಭಾರತೀಯ ಮಾನಕದ ಮೂರನೆಯ ಭಾಗ ವಿಧಿಸುತ್ತದೆ: ನೆಲವೂ ಗೋಡೆಯೂ ಕೂಡುವ ರೇಖೆಯಲ್ಲಿ ಸುಮಾರು 300 ಮಿಲಿಮೀಟರಿಗೊಂದರಂತೆ 12 ಮಿಲಿಮೀಟರ್ ವ್ಯಾಸದ ರಂಧ್ರಗಳನ್ನು ಕೊರೆದು, ದ್ರಾವಣವನ್ನು ತುಂಬಿ, ಮುಚ್ಚಬೇಕು. ಡ್ರಿಲ್ ತಾರದೆ ಮರದ ಮೇಲೆ ಮಾತ್ರ ಸಿಂಪಡಿಸಿ 1,500 ರೂಪಾಯಿ ಕೇಳುವವರು ಗೂಡನ್ನು ಮುಟ್ಟುವುದೇ ಇಲ್ಲ. ಈ ಒಂದು ಉಪದ್ರವದಲ್ಲಿ ಹೆಚ್ಚು ಹೇಳುವವನೇ ಅನೇಕ ವೇಳೆ ನಿಜವಾಗಿ ಅಗ್ಗ.

ಇಂಥ ಕಾರ್ಯವನ್ನು ಯಾರು ಮಾಡಬಹುದೆಂಬುದಕ್ಕೆ ಕಾನೂನು ಇದೆ. 1968ರ ಕೀಟನಾಶಕಗಳ ಅಧಿನಿಯಮವೂ ಅದರಡಿಯ 1971ರ ನಿಯಮಗಳೂ ವಾಣಿಜ್ಯ ಕೀಟನಿವಾರಕರು ಪರವಾನಗಿ ಪಡೆಯಬೇಕೆಂದು ವಿಧಿಸಿವೆ. ಅದಕ್ಕೆ ಬೇಕಾದ ತರಬೇತಿಗೆ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಒಂದು. ಔಷಧದ ಡಬ್ಬಿಯ ಮೇಲಿನ ವಜ್ರಾಕೃತಿಯ ಕೆಳಗಿನ ತ್ರಿಕೋನದ ಬಣ್ಣವೂ ನಿಯಮಬದ್ಧವೇ: ಕೆಂಪು ಅತ್ಯುಗ್ರ ವಿಷ, ಹಳದಿ ಅದಕ್ಕಿಂತ ಕೆಳಗಿನದು, ನೀಲಿ ಮಧ್ಯಮ, ಹಸಿರು ಅಲ್ಪ. ಅಕ್ಷರ ಬಾರದವರೂ ಓದಬಲ್ಲ ಈ ಗುರುತನ್ನು ತೋರಿಸೆಂದು ಕೇಳುವುದು ಮನೆಯೊಡತಿಯ ಹಕ್ಕು.

ಇನ್ನು ಕೊನೆಯದಾಗಿ, ನಮ್ಮ ಸೊಸೈಟಿಗಳ ಮಾತು. ಜಿರಲೆ ಕೊಳವೆಗಳ ಡಕ್ಟಿನ ಮೂಲಕ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು ಸಂಶೋಧನೆಯಿಂದ ಸಿದ್ಧವಾದ ಸಂಗತಿ. ಇಲಿಯಂತೂ ಕಟ್ಟಡದ ಸೊತ್ತೇ ಹೊರತು ಒಂದು ಮನೆಯದಲ್ಲ. ಏಳು ಮಹಡಿಗಳ ವಿಂಗಿನಲ್ಲಿ ಒಬ್ಬರು ಮಾತ್ರ 3,000 ರೂಪಾಯಿ ತೆತ್ತು, ಡಕ್ಟೂ ಕಸದ ಕೋಣೆಯೂ ಚರಂಡಿಯೂ ಹಾಗೆಯೇ ಉಳಿದರೆ, ಆ ಮನೆಗೆ ಜಿರಲೆಗಳು ನೆರೆಯಿಂದ ಮರಳಿ ಬರುತ್ತವೆ. ಇಡೀ ವಿಂಗ್ ಒಂದೇ ವಾರದಲ್ಲಿ ಚಿಕಿತ್ಸೆ ಮಾಡಿಸಿದರೆ ಕೆಲಸಗಾರನ ಓಡಾಟ ಉಳಿದು ಮನೆಯೊಂದಕ್ಕೆ ಬೀಳುವ ವೆಚ್ಚವೂ ಇಳಿಯುತ್ತದೆ. ಮಳೆಗಾಲಕ್ಕೆ ಮುನ್ನ ನಡೆಯುವ ಸೊಸೈಟಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿರೆಂದು ಓದುಗರಲ್ಲಿ ನನ್ನ ವಿನಂತಿ. ಕರಾರಿನಲ್ಲಿ ಔಷಧದ ಹೆಸರನ್ನೂ ಎರಡನೆಯ ಭೇಟಿಯ ದಿನಾಂಕವನ್ನೂ ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬೇಡಿರಿ.