ನೀರಿನಲ್ಲಿ ಕರಗಿದ ರಂಜಕವನ್ನು ವಿದ್ಯುತ್ತಿನಿಂದ ಅಳೆಯುವ ಬಗೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಟಿ. ದಾಸರಹಳ್ಳಿಯು ಹಿಂದೆ ಹೊಲಗದ್ದೆಗಳ ಗ್ರಾಮವಾಗಿದ್ದು, ಈಗ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡು ಮನೆಗಳಿಂದಲೂ ಕಾರ್ಖಾನೆಗಳಿಂದಲೂ ತುಂಬಿರುವುದು. ಇಂತಹ ಸ್ಥಳಗಳ ರಾಜಕಾಲುವೆಗಳಲ್ಲಿ ರಂಜಕವು ಎರಡು ಮೂಲಗಳಿಂದ ಬಂದು ಸೇರುವುದುಂಟು. ಮನೆಗಳ ಬಚ್ಚಲು ಮತ್ತು ಶೌಚದ ನೀರು ಒಂದು. ಕಬ್ಬಿಣದ ತಗಡಿಗೆ ಬಣ್ಣ ಹಚ್ಚುವ ಮೊದಲು ಅದನ್ನು ಫಾಸ್ಫೇಟು ದ್ರಾವಣದಲ್ಲಿ ಅದ್ದಿ ತೊಳೆದ ನೀರು ಮತ್ತೊಂದು.

ಬೇಸಾಯಗಾರನು ಹಣ ಕೊಟ್ಟು ಹೊಲಕ್ಕೆ ಹಾಕುವ ಈ ವಸ್ತುವೇ ಕೆರೆಗೆ ಬಿದ್ದರೆ ಕೇಡಾಗುವುದು. ಒಂದು ಗ್ರಾಂ ರಂಜಕದಿಂದ ಒಣತೂಕದಲ್ಲಿ ಸುಮಾರು ೧೦೦ ಗ್ರಾಂ ಪಾಚಿ ಬೆಳೆಯಬಲ್ಲುದು. ಆ ಪಾಚಿಯು ಕೊಳೆಯುವಾಗ ನೀರಿನ ಆಮ್ಲಜನಕವು ತೀರಿ ಮೀನುಗಳು ಸಾಯುವುವು. ಲೀಟರಿಗೆ ೦.೧ ಮಿಲಿಗ್ರಾಂ ರಂಜಕವಿದ್ದರೂ ಕೆರೆಗೆ ಅದು ಹೆಚ್ಚೇ ಸರಿ. ನೀರು ಹಸುರಾದ ಮೇಲೆ ಪರೀಕ್ಷಿಸಿದರೋ, ರಂಜಕವೆಲ್ಲ ಪಾಚಿಯ ಮೈಗೆ ಸೇರಿಹೋಗಿ ನೀರಿನಲ್ಲಿ ಕಡಮೆಯೆಂದೇ ತೋರುವುದು! ಆದುದರಿಂದ ಕಾಲುವೆಯು ಕೆರೆಯನ್ನು ಸೇರುವ ಬಾಯಲ್ಲಿಯೇ, ಪದೇ ಪದೇ ಅಳೆಯತಕ್ಕದ್ದು. ಮರ್ಫಿ ಮತ್ತು ರೈಲಿ ಎಂಬವರು ೧೯೬೨ರಲ್ಲಿ ಪ್ರಕಟಿಸಿದ ನೀಲಿಬಣ್ಣದ ಪರೀಕ್ಷೆಯು ಇಂದಿಗೂ ಪ್ರಯೋಗಶಾಲೆಗಳಲ್ಲಿ ನಂಬಿಕೆಗೆ ಅರ್ಹವಾದುದು. ಆದರೆ ರಾತ್ರಿಯಲ್ಲಿ ಹರಿದುಹೋದ ನೀರು ಬೆಳಿಗ್ಗೆ ತುಂಬಿದ ಸೀಸೆಗೆ ಸಿಕ್ಕುವುದಿಲ್ಲ.

ಈ ಕೊರತೆಯನ್ನು ನೀಗಲು ವಿದ್ಯುತ್ ಸಂವೇದಕಗಳು ಹುಟ್ಟಿರುವುವು. ಫಾಸ್ಫೇಟು ತಾನಾಗಿಯೇ ವಿದ್ಯುದ್ವಾರದಲ್ಲಿ ಸುಲಭವಾಗಿ ಎಲೆಕ್ಟ್ರಾನುಗಳನ್ನು ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಆದಕಾರಣ ಅದನ್ನು ಆಮ್ಲದಲ್ಲಿ ಮಾಲಿಬ್ಡೇಟಿನೊಡನೆ ಕೂಡಿಸುವರು. ಹಾಗೆ ಹುಟ್ಟಿದ ಸಂಯುಕ್ತವು ವಿದ್ಯುದ್ವಾರದಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದು. ಆಗ ಹರಿಯುವ ಪ್ರವಾಹವೇ ರಂಜಕದ ಅಳತೆ. ಮತ್ತೊಂದು ಬಗೆಯಲ್ಲಿ ಕೋಬಾಲ್ಟ್ ಲೋಹದ ತಂತಿಯನ್ನು ನೀರಿನಲ್ಲಿ ಇಳಿಬಿಟ್ಟು ಅದರ ವೋಲ್ಟೇಜು ಬದಲಾಗುವುದನ್ನು ನೋಡುವರು. ಇದಕ್ಕೆ ರಾಸಾಯನಿಕಗಳು ಬೇಡವೆಂಬುದು ಅನುಕೂಲ. ಆದರೆ ನೀರಿನ ಆಮ್ಲತೆಯೂ ಅದರಲ್ಲಿ ಕರಗಿದ ಆಮ್ಲಜನಕವೂ ಬದಲಾದರೆ ಅಂಕಿಯೂ ಬದಲಾಗುವುದು. ಕೊಳಚೆ ನೀರಿನಲ್ಲಿ ಇವೆರಡೂ ಗಳಿಗೆಗೊಂದು ಬಗೆಯಾಗಿರುವುದರಿಂದ ತಂತಿಯೊಂದನ್ನೇ ನೆಚ್ಚುವುದು ಜಾಣತನವಲ್ಲ.

ಮಾಲಿಬ್ಡೇಟಿನ ವಿಧಾನಕ್ಕೂ ಒಂದು ತೊಡಕುಂಟು. ಬೆಂಗಳೂರಿನ ಸುತ್ತಣ ನೆಲವು ಗ್ರಾನೈಟು ಜಾತಿಯ ಬಂಡೆಯದು. ಅದರಿಂದ ಬಾವಿಯ ನೀರಿಗೆ ಸಿಲಿಕೇಟು ಇಳಿಯುವುದು. ಸಿಲಿಕೇಟೂ ಮಾಲಿಬ್ಡೇಟಿನೊಡನೆ ಕೂಡಿ ರಂಜಕದ ವೇಷ ಹಾಕುವುದು. ಆಮ್ಲವನ್ನು ತಕ್ಕಷ್ಟು ಹೆಚ್ಚಿಸಿದರೆ ಈ ಕೂಟವು ನಿಧಾನವಾಗುವುದರಿಂದ, ಅಳೆಯುವವರು ಆಮ್ಲದ ಪ್ರಮಾಣವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಅಂಕಿಯು ರಂಜಕದ್ದೋ ಫಾಸ್ಫೇಟಿನದೋ ಎಂಬುದನ್ನೂ ಕೇಳಿ ತಿಳಿಯಬೇಕು. ಒಂದೇ ನೀರಿಗೆ ಎರಡನೆಯ ಅಂಕಿಯು ಮೊದಲನೆಯದರ ಮೂರರಷ್ಟಾಗುವುದು.

ಅಳತೆಯು ತಿಳಿದರೆ ರೈತನಿಗೂ ಲೆಕ್ಕ ಸಿಕ್ಕುವುದು. ಲೀಟರಿಗೆ ೫ ಮಿಲಿಗ್ರಾಂ ರಂಜಕವಿರುವ ನೀರನ್ನು ಎಕರೆಗೆ ೧೦ ಅಂಗುಲ ಹಾಯಿಸಿದರೆ ಸುಮಾರು ೫ ಕಿಲೋ ರಂಜಕವು, ಅಂದರೆ ನೂರಕ್ಕೆ ೧೬ರ ಸೂಪರ್ ಫಾಸ್ಫೇಟಿನ ಸುಮಾರು ೭೦ ಕಿಲೋಗ್ರಾಮಿನಲ್ಲಿರುವಷ್ಟು, ಭೂಮಿಗೆ ಬಿದ್ದಂತಾಗುವುದು. ಆದರೆ ಈ ಸಂವೇದಕವು ರಂಜಕವೊಂದನ್ನೇ ಬಲ್ಲುದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಆ ಸುತ್ತಿನ ನೀರನ್ನು ಸೊಪ್ಪಿನ ಮಡಿಗಳಿಗೆ ಹಾಯಿಸುವವರು ಅದಕ್ಕಾಗಿ ಬೇರೊಂದು ಸೀಸೆಯನ್ನು ತುಂಬಿ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು.